ಲಾಕಿನ ಎರಡನೆಯ ಹಲ್ಲು

ತಮ್ಮ ತೀರಿಕೊಂಡ ಸುದ್ದಿ ಬಂದಾಗ ನಾನು ಒಂದು ಕಾರಿನ ಬಾನೆಟ್ಟಿಗೆ ನೀರು ಹಾಕಿ ಉಪ್ಪುಕಾಗದ ಉಜ್ಜುತ್ತಿದ್ದೆ. ಬೆಳಗಿನ ಎಂಟೂವರೆ ಇರಬಹುದು. ಕಪಾಟಿನ ಮೇಲಿಟ್ಟಿದ್ದ ಫೋನು ಎರಡು ಸಲ ಬಡಿದುಕೊಂಡು ಸುಮ್ಮನಾಯಿತು. ಮೂರನೆಯ ಸಲಕ್ಕೆ ಕೈ ಒರೆಸಿಕೊಂಡು ಎತ್ತಿದೆ. ತಮ್ಮನ ಮಗಳು ಮಾತಾಡಿದಳು.

“ದೊಡ್ಡಪ್ಪ, ಅಪ್ಪ ಗಾಡಿಯಿಂದ ಬಿದ್ದುಬಿಟ್ರಂತೆ.”

“ಬಿದ್ದನಾ? ಗಾಡಿ ಓಡಿಸೋನು ಹೇಗಮ್ಮ ಬೀಳ್ತಾನೆ?”

“ತಿರುವಿನಲ್ಲಿ ಬಾಗಿಲು ತೆಗೆದುಕೊಂಡುಬಿಡ್ತಂತೆ. ಹಿಂದೆ ಲಾರಿ ಬರ್ತಾ ಇತ್ತಂತೆ.”

ಅವಳ ಹಿಂದೆ ಯಾರೋ ಕುರ್ಚಿ ಎಳೆಯುವ ಸದ್ದು, ಯಾರೋ ನೀರು ಕೇಳುವ ಸದ್ದು ಬಂತು.

ನನಗೆ ಅಳು ಬರಲಿಲ್ಲ. ವಯಸ್ಸಾದ ಮೇಲೆ ದೇವರಿಗೆ ಹೆದರಿ ಬಾಳುವವನು ನಾನು, ಇಲ್ಲಿ ಸುಳ್ಳು ಬರೆಯಬಾರದು. ಆ ಗಳಿಗೆಯಲ್ಲಿ ನನ್ನ ಕಣ್ಣ ಮುಂದೆ ಮೊದಲು ಬಂದದ್ದು ತಮ್ಮನ ಮುಖವಲ್ಲ, ಆ ಬಾಗಿಲು. ನಾಲ್ಕು ತಿಂಗಳ ಹಿಂದೆ ಅದನ್ನು ಆ ಗಾಡಿಗೆ ಹಾಕಿದವನು ನಾನೇ.

ನನ್ನ ತಮ್ಮ ಬೇಕರಿಯೊಂದರ ಬ್ರೆಡ್ಡನ್ನು ಅಂಗಡಿ ಅಂಗಡಿಗೆ ಹಾಕಿಬರುತ್ತಿದ್ದ. ವ್ಯಾನು ಅವನದೇ, ಹಳೆಯದು. ಓಡಿಸುವವನ ಕಡೆಯ ಬಾಗಿಲು ಕೆಳಗೆಲ್ಲ ತುಕ್ಕು ತಿಂದು ಜಾಲರಿಯಾಗಿತ್ತು. ಹೊಸದು ಎಲ್ಲೂ ಸಿಗುವುದಿಲ್ಲವಾದ್ದರಿಂದ ಗುಜರಿಯಿಂದ ಒಂದು ತಂದೆ. ಅದು ಅದೇ ಜಾತಿಯ ಗಾಡಿಯದೇ, ಆದರೆ ನಾಲ್ಕಾರು ವರ್ಷ ಈಚಿನದು. ಪೂರ್ತಿ ಮುಚ್ಚಿದಾಗಲೂ ಅದರ ಅಂಚು ಗಾಡಿಯ ಮೈಯಿಂದ ಒಂದು ಅಕ್ಕಿಕಾಳಿನಷ್ಟು ಹೊರಗೆ ನಿಲ್ಲುತ್ತಿತ್ತು. ನಲವತ್ತೆರಡು ವರ್ಷ ಗಾಡಿಗಳ ಡೆಂಟು ತೆಗೆದು ಬಣ್ಣ ಹೊಡೆದವನಿಗೆ ಅದು ಹಲ್ಲಿನಲ್ಲಿ ಸಿಕ್ಕಿದ ನಾರಿನ ಹಾಗೆ. ಬಿಡಲಾಗಲಿಲ್ಲ. ಬಾಗಿಲ ಲಾಕು ಹಿಡಿಯುವ ಒಂದು ಉಕ್ಕಿನ ಕೊಂಡಿ ಬಾಗಿಲ ಚೌಕಟ್ಟಿನ ಕಂಬದ ಮೇಲಿರುತ್ತದೆ. ಅದರ ಎರಡು ತಿರುಪು ಸಡಿಲಿಸಿ ಕೊಂಡಿಯನ್ನು ಒಳಕ್ಕೆ ಸರಿಸಿದೆ. ಬಾಗಿಲು ಮುಚ್ಚಿದೆ. ಕಣ್ಣು ಮುಚ್ಚಿಕೊಂಡು ಸಂದಿನ ಮೇಲೆ ಅಂಗೈ ಆಡಿಸಿದೆ. ಬಾಗಿಲು ಎಲ್ಲಿ ಮುಗಿಯಿತು, ಮೈ ಎಲ್ಲಿ ಶುರುವಾಯಿತು ಎಂದು ಗೊತ್ತಾಗಲಿಲ್ಲ. ಅಷ್ಟು ಸಮ.

ಎರಡು ವಾರ ಬಿಟ್ಟು ತಮ್ಮ ನನ್ನ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ ಕೂಗಿದ್ದ.

“ಅಣ್ಣಾ, ನಿನ್ನ ಬಾಗಿಲು ಮಾತಾಡುತ್ತೆ ಕಣೋ. ಹಳ್ಳ ಬಂದರೆ ಗಡಗಡ ಅನ್ನುತ್ತೆ.”

“ಅಂಚಿನ ರಬ್ಬರು ಹೊಸದು. ಕೂತ್ಕೊಳ್ಳುತ್ತೆ ಬಿಡು.”

“ನೋಡು ಒಂದ್ಸಲ.”

“ಬಣ್ಣ ಕಲಸಿಟ್ಟಿದ್ದೀನಿ, ಒಣಗಿಹೋಗುತ್ತೆ. ಆಮೇಲೆ ಬಾ.”

ಅವನು ನಕ್ಕು ಹೋದ. ಆಮೇಲೆ ಇನ್ನೊಂದು ಸಲವೂ ಹೇಳಿದ. ಆಗಲೂ ನಾನು ಅದೇ ಮಾತು ಹೇಳಿದೆ.

ಅಂತ್ಯಕ್ರಿಯೆಯ ದಿನ ಬೇಕರಿಯ ಯಜಮಾನ ಬಂದಿದ್ದ. ಗೋಡೆಗೆ ಒರಗಿ ನಿಂತು ಯಾರ ಹತ್ತಿರವೋ ಮೆಲ್ಲಗೆ ಹೇಳುತ್ತಿದ್ದ. “ಬಾಗಿಲು ಹಾಕಿಕೊಳ್ಳೋದೂ ಗೊತ್ತಾಗದಷ್ಟು ಅಂದ್ರೆ ನೀವೇ ಯೋಚನೆ ಮಾಡಿ. ಹಳೇ ಚಟ ಎಲ್ಲಿ ಹೋಗುತ್ತೆ.” ಮೆಲ್ಲಗೆ ಹೇಳಿದ ಮಾತು ಸಂಜೆಯೊಳಗೆ ಬೀದಿಯೆಲ್ಲ ಸುತ್ತಿ ಬಂತು. ತಮ್ಮ ಒಂದು ಕಾಲದಲ್ಲಿ ಕುಡಿಯುತ್ತಿದ್ದುದು ನಿಜ. ಹೆಂಡತಿಯ ಕೈ ಹಿಡಿದು ಆಣೆ ಮಾಡಿ ಬಿಟ್ಟು ಆರು ವರ್ಷವಾಗಿತ್ತು. ಪೊಲೀಸರ ಕಾಗದದಲ್ಲಿ ಬರೆದದ್ದು ಇಷ್ಟೇ: ಬಾಗಿಲು ಸರಿಯಾಗಿ ಹಾಕಿರಲಿಲ್ಲ, ಬೆಲ್ಟು ಕಟ್ಟಿರಲಿಲ್ಲ, ಚಾಲಕನ ಅಜಾಗರೂಕತೆ. ಆದರೆ ಜನ ಆ ಕಾಗದದಲ್ಲಿ ಬರೆಯದಿದ್ದುದನ್ನೇ ಓದಿದರು.

ತಮ್ಮನ ಹೆಂಡತಿಯೂ ಅದನ್ನೇ ಓದಿದಳು. ನಾನು ಸಮಾಧಾನ ಹೇಳಲು ಹೋದ ದಿನ ಅವಳ ಕಣ್ಣು ಒಣಗಿತ್ತು.

“ಆರು ವರ್ಷ ನನ್ನ ಕಣ್ಣಿಗೆ ಮಣ್ಣೆರಚಿದರು, ಭಾವ. ನಾನು ನಂಬಿದೆ. ಬೆಳಗಿನ ಜಾವ ಎದ್ದು ಹೋಗೋರು ಕೆಲಸಕ್ಕೆ ಹೋಗ್ತಾರೆ ಅಂತ ನಂಬಿದೆ. ಸತ್ತದ್ದಕ್ಕೆ ಅಳಲಾ, ಮೋಸಕ್ಕೆ ಅಳಲಾ?”

ಅಲ್ಲಿ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಅವನು ಬೆಲ್ಟು ಕಟ್ಟಿರಲಿಲ್ಲವಲ್ಲ ಎಂಬ ಮಾತನ್ನು ಮನಸ್ಸಿನಲ್ಲೇ ಮೆಲ್ಲುತ್ತಾ ಮನೆಗೆ ಬಂದೆ. ಪ್ರಾರ್ಥನೆಗೆ ಕೂತರೆ ಆ ಮಾತೇ ಎದುರಿಗೆ ಬಂದು ಕೂರುತ್ತಿತ್ತು.

ಐದು ವಾರದ ಮೇಲೆ ತಮ್ಮನ ಮಗಳು ವ್ಯಾನನ್ನು ಎಳೆಸಿಕೊಂಡು ನನ್ನ ಅಂಗಡಿಗೆ ಬಂದಳು. ಇಪ್ಪತ್ತಾರು ವರ್ಷದ ಹುಡುಗಿ. ಅಪ್ಪನ ಹಾಗೇ ಉದ್ದ ಕೈಕಾಲು, ಅಪ್ಪನ ಹಾಗೇ ಮಾತಿಗೆ ಮೊದಲು ಮೂಗು ಒರೆಸಿಕೊಳ್ಳುವುದು.

“ದೊಡ್ಡಪ್ಪ, ಅಪ್ಪನ ದಾರೀಲಿ ನಾನು ಗಾಡಿ ಓಡಿಸ್ತೀನಿ. ಬೇಕರಿಯವರು ಮುಂದಿನ ತಿಂಗಳು ಒಂದನೇ ತಾರೀಕಿನವರೆಗೆ ಕಾಯ್ತಾರಂತೆ. ಬಾಗಿಲೊಂದು ಹಾಕಿಕೊಡಿ.”

“ನಾನೇ ಹಾಕಬೇಕಾ?”

“ಮತ್ತಿನ್ಯಾರು?”

ಆ ಸಂಜೆಯೇ ಗುಜರಿಗೆ ಹೋದೆ.

ಗುಜರಿಯವನನ್ನು ಎಲ್ಲರೂ ಮೌನಿ ಎಂದು ಕರೆಯುತ್ತಾರೆ, ಅವನ ಬಾಯಿ ಮುಚ್ಚಿದ್ದನ್ನು ಯಾರೂ ನೋಡಿಲ್ಲವಾದ್ದರಿಂದ. ಮೂವತ್ತು ವರ್ಷದ ಸ್ನೇಹ. ಅವನ ಅಂಗಳದಲ್ಲಿ ಗಾಡಿಗಳು ಒಂದರ ಮೇಲೊಂದು ಬಿದ್ದಿರುತ್ತವೆ, ಕಾಲಿಡುವ ಜಾಗವೆಲ್ಲ ಗಾಜಿನ ಪುಡಿ.

“ಬಾ ಅಂಗೈ ಪಂಡಿತ. ಇವತ್ತು ಯಾವ ಹೆಣದ ಮೂಳೆ ಬೇಕು?” ಎಂದವನು ನನ್ನ ಮುಖ ನೋಡಿ ನಾಲಿಗೆ ಕಚ್ಚಿಕೊಂಡ. “ಏನೂ ತಿಳ್ಕೋಬೇಡ. ಈ ಬಾಯಿ ನನ್ನ ಮಾತು ಕೇಳಲ್ಲ.”

“ತಮ್ಮನ ವ್ಯಾನಿಗೆ ಬಾಗಿಲು. ಓಡಿಸೋನ ಕಡೆದು.”

“ಹಸಿರುದೊಂದಿದೆ. ಗಿಡ ಮಾರೋನ ಗಾಡಿ. ಎಂಜಿನ್ ಸೀದು ಬಂದಿದ್ದು, ಗುದ್ದಿದ್ದಲ್ಲ. ಇದರಲ್ಲಿ ಯಾರೂ ಸತ್ತಿಲ್ಲ, ನಿಜವಾಗ್ಲೂ. ಬಾಗಿಲು ನನ್ನ ಹೆಂಡತಿ ಥರ, ಮೇಲೆಲ್ಲ ಗೀರು, ಒಳಗೆ ಕಬ್ಬಿಣ. ಹಳೇ ಬಾಗಿಲು ನನಗೆ ಕೊಟ್ಟುಬಿಡು, ತಗಡಿಗೆ ಹಾಕ್ತೀನಿ.”

ನಾನು ಅದರ ಕೀಲುಗಳನ್ನು ಅಲುಗಿಸಿ ನೋಡಿದೆ. ಕೆಳಗಿನ ಅಂಚಿಗೆ ಬೆರಳಿನಿಂದ ತಟ್ಟಿ, ಒಳಗೆ ತೂತು ಮುಚ್ಚಲು ಪುಟ್ಟಿ ತುಂಬಿದ್ದಾರೆಯೇ ಎಂದು ಸದ್ದು ಕೇಳಿದೆ. ತಗಡು ಗಂಟೆಯ ಹಾಗೆ ನುಡಿಯಿತು. ಈ ಸಲ ಗಾಡಿಯ ವರ್ಷವನ್ನೂ ಕೇಳಿದೆ. ತಮ್ಮನ ಗಾಡಿಯದೇ ವರ್ಷ.

ಮರುದಿನ ಬೆಳಿಗ್ಗೆ ಶಟರು ಎತ್ತಿ, ಪ್ರಾರ್ಥನೆ ಮುಗಿಸಿ, ಹಳೆಯ ಬಾಗಿಲು ಬಿಚ್ಚಲು ಕೂತೆ. ಅದು ಒಂದೇ ಕೀಲಿನ ಮೇಲೆ ನೇತಾಡುತ್ತಿತ್ತು. ರಸ್ತೆಯ ಬದಿಯ ಕಂಬಕ್ಕೆ ಬಡಿದು ಮಡಚಿಕೊಂಡಿತ್ತು. ನಾನು ಹೊಡೆದ ಕೆನೆ ಬಣ್ಣ ಮಾತ್ರ ಎಲ್ಲೂ ಎದ್ದಿರಲಿಲ್ಲ. ಎಷ್ಟು ಚೆನ್ನಾಗಿ ಹೊಡೆದಿದ್ದೆ ಎಂದು ಅನಿಸಿತು, ಅನಿಸಿದ್ದಕ್ಕೆ ನಾಚಿಕೆಯಾಯಿತು.

ಲಾಕು ಬಿಚ್ಚಿ ಬೆಳಕಿಗೆ ಹಿಡಿದೆ.

ಬಾಗಿಲಿನ ಲಾಕಿಗೆ ಎರಡು ಹಲ್ಲು ಇರುತ್ತವೆ. ಮುಚ್ಚುವಾಗ ಮೊದಲನೆಯದು ಕಂಬದ ಕೊಂಡಿಯನ್ನು ಹಿಡಿಯುತ್ತದೆ. ಇನ್ನಷ್ಟು ಒತ್ತಿದರೆ ಎರಡನೆಯದು ಹಿಡಿಯುತ್ತದೆ. ಎರಡನೆಯದು ಹಿಡಿದರೇ ಬಾಗಿಲು ಭದ್ರ. ಮೊದಲನೆಯದು ಬರೀ ಬಾಗಿಲನ್ನು ನಿಲ್ಲಿಸುತ್ತದೆ, ಹೊರೆ ಬಿದ್ದರೆ ಜಾರುತ್ತದೆ. ಮುಚ್ಚುವಾಗ ಟಕ್ ಟಕ್ ಎಂದು ಎರಡು ಸದ್ದು ಬರಬೇಕು. ಸುತ್ತಿಗೆಯ ಕೆಲಸದಲ್ಲಿ ನನ್ನ ಒಂದು ಕಿವಿ ಎಂದೋ ಹೋಗಿದೆ. ನಾನು ಕಿವಿಯನ್ನು ಕೇಳುವವನಲ್ಲ, ಅಂಗೈಯನ್ನು ಕೇಳುವವನು.

ಮೊದಲ ಹಲ್ಲು ಸವೆದು ಕನ್ನಡಿಯಂತೆ ಹೊಳೆಯುತ್ತಿತ್ತು. ಎರಡನೆಯ ಹಲ್ಲಿನ ಸಂದಿಯಲ್ಲಿ, ಬಾಗಿಲು ಹಾಕಿದ ದಿನ ನಾನು ಕಡ್ಡಿಯಿಂದ ಸವರಿದ ಹಳದಿ ಗ್ರೀಸು ಸವರಿದ ಹಾಗೇ ಕೂತಿತ್ತು. ಕಡ್ಡಿ ಎಳೆದ ಗೆರೆ ಕೂಡ ಅಳಿಸಿರಲಿಲ್ಲ. ಮೇಲೆ ಒಂದಿಷ್ಟು ಧೂಳು.

ಬಾಗಿಲಿನ ಅಂಚು ಮೈಗೆ ಸಮವಾಗಲಿ ಎಂದು ನಾನು ಕೊಂಡಿಯನ್ನು ಒಳಕ್ಕೆ ಸರಿಸಿದ್ದೆ. ಮೊದಲ ಹಲ್ಲು ಹಿಡಿಯುವಷ್ಟರಲ್ಲೇ ಅಂಚು ಸಮವಾಗಿತ್ತು, ರಬ್ಬರು ಅದುಮಿಕೊಂಡಿತ್ತು. ಎರಡನೆಯ ಹಲ್ಲಿಗೆ ಬಾಗಿಲು ಇನ್ನೂ ಒಳಗೆ ಹೋಗಬೇಕಿತ್ತು. ಹೋಗಲು ಜಾಗವೇ ಇರಲಿಲ್ಲ. ತಮ್ಮ ಎಷ್ಟು ಬಲವಾಗಿ ಹಾಕಿದರೂ ಆ ಬಾಗಿಲು ಒಂದು ದಿನವೂ ಪೂರ್ತಿ ಮುಚ್ಚಿರಲಿಲ್ಲ. ನೋಡುವ ಕಣ್ಣಿಗೆ ಮಾತ್ರ ಮುಚ್ಚಿತ್ತು. ನನ್ನ ಅಂಗೈಗೆ ಮುಚ್ಚಿತ್ತು.

ಎದ್ದು ಲಾಕನ್ನು ಬಟ್ಟೆಯಲ್ಲಿ ಸುತ್ತಿ ಮೇಜಿನ ಮೇಲಿಟ್ಟು, ಹಸಿರು ಬಾಗಿಲಿಗೆ ಕೈ ಹಚ್ಚಿದೆ. ಕೆಲಸ ಬಿಟ್ಟು ಬೇರೇನು ಮಾಡಬೇಕೆಂದು ನನಗೆ ತಿಳಿದಿರಲಿಲ್ಲ.

ಬಣ್ಣಕ್ಕೆ ಮೊದಲು ಬಾಗಿಲು ಗಾಡಿಗೆ ಕೂರಬೇಕು. ಕೀಲುಗಳ ಬೋಲ್ಟು ಅರ್ಧ ಬಿಗಿದು, ಅಡಿಗೆ ಮರದ ತುಂಡು ಕೊಟ್ಟು ಎತ್ತಿ, ಸಂದು ನೋಡಿ, ಮತ್ತೆ ಬಿಗಿದೆ. ಕಂಬದ ಕೊಂಡಿಯನ್ನು ಮೊದಲಿದ್ದ ಜಾಗಕ್ಕೇ ತಂದು ಬಿಗಿದೆ. ಹೊಸ ಲಾಕಿನ ಎರಡನೆಯ ಹಲ್ಲಿಗೆ ಸೀಮೆಸುಣ್ಣ ಬಳಿದೆ. ಮುಚ್ಚಿ ತೆರೆದೆ. ಸುಣ್ಣ ಅಳಿಸಿತ್ತು. ಮತ್ತೆ ಬಳಿದೆ, ಮತ್ತೆ ಅಳಿಸಿತ್ತು. ಇಪ್ಪತ್ತು ಸಲ ಮಾಡಿರಬೇಕು. ಮೇಲಿನ ಮೂಲೆಯಲ್ಲಿ ಅಂಚು ಒಂದು ಕೂದಲೆಳೆ ಹೊರಗೆ ನಿಂತಿತ್ತು. ನಿಲ್ಲಲಿ ಎಂದು ಬಿಟ್ಟೆ. ನಲವತ್ತೆರಡು ವರ್ಷದಲ್ಲಿ ಹಾಗೆ ಬಿಟ್ಟದ್ದು ಅದೇ ಮೊದಲು.

ಬಾಗಿಲು ಮತ್ತೆ ಬಿಚ್ಚಿ ಉಜ್ಜಲು ಶುರುಮಾಡಿದೆ. ಹಸಿರಿನ ಕೆಳಗೆ ನೀಲಿ, ನೀಲಿಯ ಕೆಳಗೆ ಬೂದು, ಅದರ ಕೆಳಗೆ ಬಿಳಿ ತಗಡು. ಮಧ್ಯಾಹ್ನ ತಮ್ಮನ ಮಗಳು ಬಂದು, ಬಣ್ಣ ಹಾರದಂತೆ ಗಾಡಿಯ ಗಾಜಿಗೂ ಮೈಗೂ ಹಳೆಯ ಪತ್ರಿಕೆಯ ಹಾಳೆಗಳನ್ನು ಟೇಪಿನಿಂದ ಅಂಟಿಸತೊಡಗಿದಳು.

“ಅಮ್ಮ ಅಪ್ಪನ ಅಂಗಿಗಳನ್ನೆಲ್ಲ ಚೀಲಕ್ಕೆ ತುಂಬಿಟ್ಟಿದ್ದಾಳೆ. ಯಾರಿಗಾದರೂ ಕೊಟ್ಟುಬಿಡು, ಕಣ್ಣಿಗೆ ಬೀಳಬಾರದು ಅಂತಾಳೆ.”

“ನೀನು ಏನಂತೀಯಮ್ಮ?”

“ನಾನೇನು ಅನ್ನಲಿ. ನನಗೆ ಒಂದೇ ಅರ್ಥ ಆಗಲ್ಲ ದೊಡ್ಡಪ್ಪ. ಬಾಗಿಲು ಸರಿಯಾಗಿ ಹಾಕಿರಲಿಲ್ಲ ಅಂತ ಬರೆದಿದ್ದಾರೆ. ಅಪ್ಪ ದಿನಾ ಮೂರು ಸಲ ಬಡಿದು ಬಡಿದು ಹಾಕ್ತಿದ್ರು. ಎದುರು ಮನೆ ಮುದುಕಿ ಕಿಟಕಿಯಿಂದ ಬೈತಿದ್ದಳು, ನಿನ್ನ ಬಾಗಿಲಿನಿಂದ ನನ್ನ ಎದೆ ಒಡೆದುಹೋಗುತ್ತೆ ಕಣಪ್ಪ ಅಂತ. ಅಪ್ಪ ಅವಳಿಗೆ, ಅಜ್ಜಿ ನಿಮ್ಮ ಎದೆ ನನ್ನ ಗಾಡಿಗಿಂತ ಗಟ್ಟಿ ಅನ್ನೋರು. ಆವತ್ತೂ ಬಡಿದರು. ನಿದ್ದೆಗಣ್ಣಲ್ಲಿ ನಾನು ಎಣಿಸಿದೆ. ಮೂರು.”

ನನ್ನ ಕೈಯಲ್ಲಿದ್ದ ಉಪ್ಪುಕಾಗದ ನಿಂತಿತು. ಮೇಜು ಎರಡು ಮಾರು ದೂರದಲ್ಲಿತ್ತು. ಬಟ್ಟೆ ಬಿಚ್ಚಿ ತೋರಿಸಿದ್ದರೆ ಆಗಿಹೋಗುತ್ತಿತ್ತು. ಕೆಲಸ ಮುಗಿಯಲಿ, ಅವಳ ಗಾಡಿ ಅವಳ ಕೈ ಸೇರಲಿ, ಆಮೇಲೆ ಹೇಳುತ್ತೇನೆ ಎಂದುಕೊಂಡೆ. ಅದು ಹೇಡಿತನ ಎಂದು ಆಗಲೂ ಗೊತ್ತಿತ್ತು.

ಪುಟ್ಟಿ ಎರಡು ಕಡೆ ಮಾತ್ರ ಬೇಕಾಯಿತು. ಪ್ರೈಮರ್ ಹೊಡೆದು ಒಂದು ದಿನ ಬಿಟ್ಟೆ. ಕೆನೆ ಬಣ್ಣ ಕಲಸುವುದು ಕಷ್ಟ. ಡಬ್ಬಿಯಲ್ಲಿ ತಿಳಿಯಾಗಿ ಕಂಡದ್ದು ಒಣಗಿದರೆ ಗಾಢವಾಗುತ್ತದೆ. ತಗಡಿನ ಚೂರಿಗೆ ಹನಿ ಹಚ್ಚಿ, ಬಿಸಿಲಿಗೆ ಹಿಡಿದು ಒಣಗಿಸಿ, ಗಾಡಿಯ ಮೈಗೆ ಇಟ್ಟು ನೋಡಿ, ಮತ್ತೆ ಒಂದು ತೊಟ್ಟು ಹಳದಿ ಹಾಕಿದೆ. ಐದನೆಯ ಸಲಕ್ಕೆ ಕೂಡಿತು. ಕಂಪ್ರೆಸರ್ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ, ಮೂರು ಕೋಟು ಹೊಡೆದೆ. ಒಂದು ಕಡೆ ಬಣ್ಣ ಇಳಿಯಿತು. ಅದನ್ನು ಉಜ್ಜಿ ಮತ್ತೆ ಹೊಡೆದೆ.

ಬಾಗಿಲು ಒಣಗಿ ಗಾಡಿಗೆ ಏರಿದ ದಿನ ಮೌನಿ ಹಳೆಯದನ್ನು ಒಯ್ಯಲು ತಳ್ಳುಗಾಡಿ ತಂದ.

“ಏನಯ್ಯಾ, ಲಾಕೆಲ್ಲಿ? ಬಾಗಿಲು ಕೊಟ್ಟು ಹೃದಯ ಇಟ್ಟುಕೊಳ್ಳೋದಾ?” ಎನ್ನುತ್ತಾ ಮೇಜಿನ ಮೇಲಿನ ಬಟ್ಟೆಯನ್ನು ಅವನೇ ಬಿಚ್ಚಿದ. ಸಾವಿರ ಲಾಕು ಬಿಚ್ಚಿದ ಕೈ ಅವನದು. ನೋಡಿದ, ತಿರುಗಿಸಿ ನೋಡಿದ, ಉಗುರಿನಿಂದ ಗ್ರೀಸು ಮುಟ್ಟಿ ನೋಡಿದ. ನಾನು ಕಂಡಂತೆ ಮೊದಲನೆಯ ಸಲ ಅವನ ಬಾಯಿ ನಿಂತಿತು.

“ಯಾರಿಗೆ ಗೊತ್ತು?” ಎಂದ ಕೊನೆಗೆ.

“ನಿನಗೆ. ನನಗೆ. ದೇವರಿಗೆ.”

“ದೇವರು ಬೀದಿಯಲ್ಲಿ ಹೇಳಿಕೊಂಡು ಓಡಾಡಲ್ಲ. ನಾನೂ ಈ ವಿಷಯದಲ್ಲಿ ಹೇಳಲ್ಲ. ಕೊಡು ಇಲ್ಲಿ, ಕುಲುಮೆಗೆ ಹಾಕ್ತೀನಿ. ಸತ್ತೋನು ಎದ್ದು ಬರಲ್ಲ. ನಿನಗೆ ಎಪ್ಪತ್ತು ಆಗ್ತಾ ಬಂತು. ಆ ಮನೆ ಬಿಟ್ರೆ ನಿನಗೆ ಯಾರಿದ್ದಾರೆ? ಕಾಯಿಲೆ ಬಿದ್ದರೆ ಗಂಜಿ ಕಾಯಿಸಿ ಕೊಡೋರು ಯಾರು, ನಾನಾ?”

“ಅವನನ್ನ ಕುಡುಕ ಅಂತಿದ್ದಾರೆ ಕಣೋ.”

“ಅನ್ನಲಿ. ಅವನಿಗೆ ಕೇಳಿಸುತ್ತಾ?”

“ಅವನ ಹೆಂಡತಿಗೆ ಕೇಳಿಸುತ್ತೆ.”

ಮೌನಿ ಲಾಕನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ಬಾಗಿಲನ್ನು ತಳ್ಳುಗಾಡಿಗೆ ಹಾಕಿಕೊಂಡು ಹೋದ.

ಅದೇ ಸಂಜೆ ತಮ್ಮನ ಮನೆಗೆ ಹೋದೆ. ಮುಂದಿನ ಕೋಣೆಯಲ್ಲಿ ಅಂಗಿಗಳ ಚೀಲ ಬಾಯಿ ಕಟ್ಟಿ ನಿಂತಿತ್ತು. ತಮ್ಮನ ಹೆಂಡತಿ ಗುಂಡಿ ಹೊಲಿಯುತ್ತಿದ್ದಳು. ಮಗಳು ಕಿಟಕಿಯ ಹತ್ತಿರ ಕೂತಿದ್ದಳು.

“ಗಾಡಿ ಆಯ್ತಾ, ಭಾವ?”

“ಆಯ್ತಮ್ಮ. ಆದರೆ ಅದನ್ನ ಹೇಳೋಕೆ ಬಂದಿದ್ದಲ್ಲ.”

ಬಟ್ಟೆ ಬಿಚ್ಚಿ ಲಾಕನ್ನು ಅವಳ ಮುಂದಿಟ್ಟೆ. ದಾರಿಯಲ್ಲಿ ಮಾತುಗಳನ್ನು ಜೋಡಿಸಿಕೊಂಡು ಬಂದಿದ್ದೆ. ಒಂದೂ ನೆನಪಾಗಲಿಲ್ಲ. ಬೆರಳಿನಿಂದ ತೋರಿಸಿದೆ. ಇದು ಮೊದಲ ಹಲ್ಲು, ಇದು ಎರಡನೆಯದು, ಇದು ನಾನು ಹಚ್ಚಿದ ಗ್ರೀಸು, ನೋಡು, ಅಳಿಸಿಲ್ಲ. ಅಂಚು ಚೆನ್ನಾಗಿ ಕಾಣಲಿ ಅಂತ ನಾನು ಕೊಂಡಿ ಸರಿಸಿದೆ. ಅವನು ಎಷ್ಟು ಬಡಿದರೂ ಬಾಗಿಲು ಮುಚ್ಚುತ್ತಿರಲಿಲ್ಲ. ಅವನು ಎರಡು ಸಲ ಬಂದು ನನಗೆ ಹೇಳಿದ. ನಾನು ನೋಡಲಿಲ್ಲ.

ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು.

“ಹಾಗಾದ್ರೆ ಕುಡಿದಿರಲಿಲ್ಲ.”

“ಕುಡಿದಿದ್ದರೂ ಕುಡಿಯದಿದ್ದರೂ ಆ ಬಾಗಿಲು ತೆಗೆದುಕೊಳ್ಳುತ್ತಿತ್ತಮ್ಮ. ಅವನು ಕುಡಿದಿದ್ದ ಅನ್ನೋದಕ್ಕೆ ಬಾಗಿಲು ಬಿಟ್ಟರೆ ಯಾರ ಹತ್ತಿರ ಏನು ಸಾಕ್ಷಿ ಇತ್ತು?”

ಅವಳು ಲಾಕನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡಳು. “ಬೆಳಗಿನ ಜಾವ ಹೊರಡುವಾಗ ಬಾಗಿಲಲ್ಲಿ ನಿಂತು, ಬರ್ತೀನಿ ಕಣೇ ಅಂದರು. ಬಾಯಿ ವಾಸನೆ ಇರಲಿಲ್ಲ. ನನಗೆ ಗೊತ್ತಿತ್ತು. ಗೊತ್ತಿದ್ದೂ ಊರಿನವರ ಮಾತು ಕೇಳಿದೆ. ಐದು ವಾರದಿಂದ ಆ ಮನುಷ್ಯನ್ನ ಬೈಕೊಂಡು ಮಲಗ್ತಿದ್ದೀನಿ, ಭಾವ. ನೀವು ಐದು ವಾರ ಸುಮ್ಮನೆ ನೋಡ್ತಾ ಇದ್ರಿ.”

“ಖಚಿತ ಇರಲಿಲ್ಲ...”

“ಭಯ ಇತ್ತಲ್ಲ. ಅದನ್ನಾದರೂ ಹೇಳಬಹುದಿತ್ತು.”

ಅದು ನಿಜ. ನಾನು ತಲೆ ತಗ್ಗಿಸಿದೆ. ಮಗಳು ಎದ್ದು ಚೀಲದ ಬಾಯಿ ಬಿಚ್ಚಿ, ಒಂದೊಂದೇ ಅಂಗಿ ತೆಗೆದು ಮಡಿಚಿ ಇಡತೊಡಗಿದಳು. ನನ್ನ ಕಡೆ ನೋಡಲಿಲ್ಲ.

“ನನಗೆ ಹೇಳಿದ್ದು ಸಾಲದು,” ಎಂದಳು ತಮ್ಮನ ಹೆಂಡತಿ. “ಅವರನ್ನ ಕುಡುಕ ಅಂದ ಬಾಯಿಗಳಿಗೆಲ್ಲ ಹೋಗಿ ಹೇಳಿ. ಒಬ್ಬರನ್ನೂ ಬಿಡಬೇಡಿ. ಆಮೇಲೆ ಈ ಮನೆಗೆ ಬರಬೇಡಿ. ನೀವು ಬರಬಹುದು ಅಂತ ನನಗೆ ಅನ್ನಿಸಿದ ದಿನ ನಾನೇ ಹೇಳಿ ಕಳಿಸ್ತೀನಿ.”

ಮರುದಿನ ಅಂಗಡಿ ತೆರೆಯಲಿಲ್ಲ. ಮೊದಲು ಬೇಕರಿಗೆ ಹೋದೆ. ಯಜಮಾನ ಹಿಟ್ಟಿನ ಕೈ ಕೊಡವಿಕೊಳ್ಳುತ್ತಾ ಲಾಕು ನೋಡಿದ. “ಅಯ್ಯೋ, ನಾನು ಹಾಗೆ ಅಂದೇ ಇಲ್ವಲ್ಲ. ಯಾರೋ ಅಂದಿದ್ದು ನನ್ನ ಕಿವಿಗೆ ಬಿತ್ತು ಅಷ್ಟೇ,” ಎಂದ. “ಹಾಗಾದ್ರೆ ನಿಮ್ಮ ಕಿವಿಗೆ ಇದನ್ನೂ ಹಾಕಿಕೊಳ್ಳಿ,” ಎಂದು ಹೇಳಿ ಬಂದೆ. ಎದುರು ಮನೆಯ ಮುದುಕಿ ಕಿಟಕಿಯಲ್ಲೇ ನಿಂತು ಕೇಳಿ, ಸೆರಗಿನಿಂದ ಕಣ್ಣು ಒತ್ತಿಕೊಂಡಳು. ನನ್ನ ತಮ್ಮ ಬ್ರೆಡ್ಡು ಹಾಕುತ್ತಿದ್ದ ಅಂಗಡಿಗಳಿಗೂ ಒಂದೊಂದಾಗಿ ಹೋದೆ. ಕೆಲವರು ಕೂರಿಸಿ ನೀರು ಕೊಟ್ಟರು. ಒಬ್ಬ, “ನೀವಾ ಬಾಗಿಲು ಹಾಕಿದ್ದು? ನನ್ನ ಗಾಡಿಯದೂ ನೀವೇ ಹಾಕಿದ್ದು,” ಎಂದು ಕೂಡಲೇ ಎದ್ದು ಹೋಗಿ ತನ್ನ ಗಾಡಿಯ ಬಾಗಿಲನ್ನು ತೆರೆದು ಮುಚ್ಚಿ ನೋಡಿದ. ನಾನು ಕಾದು ನಿಂತೆ. ಎರಡು ಸದ್ದು ಬಂತಂತೆ. ಆದರೂ ಅವನು ನನ್ನ ಜೊತೆ ಮತ್ತೆ ಮಾತಾಡಲಿಲ್ಲ.

ಠಾಣೆಯಲ್ಲಿ ಬರೆಯುವವನು ಪೆನ್ನು ಎತ್ತಿ ಹಿಡಿದು ಕೇಳಿದ. “ಇದನ್ನ ಬರ್ಕೊಂಡ್ರೆ ತಪ್ಪು ನಿಮ್ಮ ತಲೆಗೆ ಬರುತ್ತೆ, ಅಜ್ಜ. ಯೋಚನೆ ಮಾಡಿ ಹೇಳಿ.”

“ಅದು ಇರಬೇಕಾದ ತಲೆ ಇದೇ. ಬರ್ಕೊಳ್ಳಿ.”

ಲಾಕನ್ನು ಅವನ ಹತ್ತಿರವೇ ಬಿಟ್ಟು ಬಂದೆ. ಮುಂದೆ ಕರೆಯುತ್ತಾರಂತೆ. ಕರೆದಾಗ ಹೋಗುತ್ತೇನೆ.

ಒಂದನೆಯ ತಾರೀಕಿನ ಹಿಂದಿನ ದಿನ ತಮ್ಮನ ಮಗಳು ಗಾಡಿ ಒಯ್ಯಲು ಬಂದಳು. ಜೊತೆಗೆ ಬೇರೆ ಗ್ಯಾರೇಜಿನ ಮೆಕ್ಯಾನಿಕ್ ಒಬ್ಬನಿದ್ದ.

“ಅಮ್ಮ ಬೇರೆಯವರ ಕೈಲಿ ನೋಡಿಸು ಅಂದಳು,” ಎಂದಳು ನೆಲ ನೋಡುತ್ತಾ.

“ಸರಿಯಾಗಿ ಹೇಳಿದ್ದಾಳಮ್ಮ. ನೋಡಲಿ.”

ಆ ಮನುಷ್ಯ ನನ್ನ ಮುಂದೆಯೇ ಕೀಲು ಅಲುಗಿಸಿದ, ಲಾಕಿಗೆ ಬ್ಯಾಟರಿ ಬಿಟ್ಟು ನೋಡಿದ, ಬಾಗಿಲನ್ನು ಭುಜದಿಂದ ಗುದ್ದಿದ. ನಾನು ಗೋಡೆಯ ಬದಿಗೆ ನಿಂತಿದ್ದೆ. “ಲಾಕು ಸರಿ ಇದೆ. ಮೇಲ್ಗಡೆ ಅಂಚು ಒಂಚೂರು ಹೊರಗಿದೆ, ಅಷ್ಟೇ,” ಎಂದ. ಅವಳು ಹತ್ತಿ ಕೂತು ಬಾಗಿಲು ಹಾಕಿಕೊಂಡಳು, ಬೆಲ್ಟು ಕಟ್ಟಿಕೊಂಡಳು. ಹೋಗಿ ಬರ್ತೀನಿ ಎನ್ನಲಿಲ್ಲ. ಗಾಡಿ ಬೀದಿಯ ತುದಿಯಲ್ಲಿ ತಿರುಗುವವರೆಗೂ ನಾನು ಉಸಿರು ಹಿಡಿದು ನೋಡಿದೆ. ತಿರುಗಿತು, ಹೋಯಿತು.

ಶಟರು ಅರ್ಧ ಇಳಿಸಿ, ಸಿಮೆಂಟಿನ ನೆಲದ ಮೇಲೆ ಮಂಡಿಯೂರಿದೆ.

ದೇವರೇ, ನನ್ನ ತಮ್ಮ ನಿನ್ನ ಹತ್ತಿರ ಕುಡಿದು ಬಂದವನಲ್ಲ. ಬೆಳಗಿನ ಕೆಲಸದ ಮಧ್ಯದಲ್ಲಿ, ಎಚ್ಚರದಲ್ಲಿ ಬಂದವನು. ಬಾಗಿಲಿನ ತಪ್ಪು ನನ್ನದು, ಅವನ ಲೆಕ್ಕಕ್ಕೆ ಅದನ್ನು ಹಿಡಿಯಬೇಡ. ಬಿದ್ದ ಗಳಿಗೆಯ ಭಯ ಅವನ ಮನಸ್ಸಿನಲ್ಲಿ ಉಳಿದಿದ್ದರೆ ಅದನ್ನು ತೆಗೆದುಹಾಕು. ನನ್ನನ್ನು ಏನು ಬೇಕಾದರೂ ಮಾಡು. ಅವನಿಗೆ ಶಾಂತಿ ಕೊಡು, ತಂದೆ. ಅವನ ಆತ್ಮಕ್ಕೆ ಶಾಂತಿ ಕೊಡು.